ಆಡಿದ ಗೊಂಬೆ, ಉಳಿದ ಗೊಂಬೆ

ಮಕ್ಕಳು ಮನಸಾರೆ ಆಡಿದ ಮರದ ಗೊಂಬೆ ಬಹಳ ದಿನ ಬಾಳುವುದಿಲ್ಲ. ಮೊದಲು ಬಣ್ಣ ಸವೆಯುತ್ತದೆ, ಆಮೇಲೆ ಗಾಲಿ ಕಳಚುತ್ತದೆ, ಕುದುರೆಯ ಕಿವಿ ಮುರಿಯುತ್ತದೆ. ಕಡೆಗೊಂದು ದಿನ ಅದು ಹಿತ್ತಿಲಿನಲ್ಲೋ ಒಲೆಯಲ್ಲೋ ಮುಗಿದುಹೋಗುತ್ತದೆ. ಹಾಗಿದ್ದರೆ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ, ಮೂಗು ಮುಕ್ಕಾಗದೆ ಬಣ್ಣ ಮಾಸದೆ ನಿಂತಿರುವ ಹಳೆಯ ಗೊಂಬೆ ಯಾವುದು? ಬಹುಮಟ್ಟಿಗೆ ಅದು ಯಾರೂ ಆಡದ ಗೊಂಬೆ. ಕಪಾಟಿನ ಮೇಲಿನ ತಟ್ಟಿನಲ್ಲಿ, ಮಕ್ಕಳ ಕೈಗೆ ಎಟುಕದಂತೆ ಹಿರಿಯರು ಎತ್ತಿಟ್ಟದ್ದು. ಪ್ರೀತಿಗೆ ಸಿಕ್ಕ ಗೊಂಬೆ ಮಣ್ಣಿಗೆ ಹೋಯಿತು, ಪ್ರೀತಿಯಿಂದ ದೂರ ಉಳಿದ ಗೊಂಬೆ ಚರಿತ್ರೆಗೆ ಬಂತು. ಮರದ ಆಟಿಕೆಗಳ ಯಾವುದೇ ಸಂಗ್ರಹವನ್ನು ನೋಡುವಾಗ ಈ ವಿಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ.

ಸಂಗ್ರಹಾಲಯವನ್ನು ಪುಸ್ತಕದಂತೆ ಓದುವುದು ನನಗೆ ಅಭ್ಯಾಸವಾಗಿದೆ. ಅದೂ ಒಂದು ಸಂಕಲನ. ಅದಕ್ಕೊಬ್ಬ ಸಂಪಾದಕ, ಒಂದು ಆಯ್ಕೆ, ಅಧ್ಯಾಯಗಳ ಒಂದು ಕ್ರಮ ಇರುತ್ತವೆ. ಏನನ್ನು ಬಿಟ್ಟಿದ್ದಾರೆ ಎನ್ನುವುದೂ ಅಲ್ಲಿ ಬರವಣಿಗೆಯೇ. ಕವಿತಾ ಸಂಕಲನವೊಂದನ್ನು ವಿಮರ್ಶಿಸುವಾಗ ಯಾರ ಪದ್ಯ ಸೇರಿದೆ, ಯಾರದು ಸೇರಿಲ್ಲ, ಯಾವ ತಲೆಬರಹದ ಕೆಳಗೆ ಏನು ಬಂದಿದೆ ಎಂದೆಲ್ಲ ಕೇಳುತ್ತೇವಲ್ಲ, ಅದೇ ಪ್ರಶ್ನೆಗಳನ್ನು ಜನಪದ ವಸ್ತುಗಳ ಸಂಗ್ರಹಕ್ಕೂ ಕೇಳಬಹುದು. ಹಾಗೆ ಕೇಳಲು ನಾನು ಆರಿಸಿಕೊಂಡಿರುವುದು ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಬದಿಯಲ್ಲಿರುವ ಜಾನಪದ ಲೋಕವನ್ನು. ಅಲ್ಲಿಂದ ಕೆಲವೇ ಮೈಲಿ ಮುಂದಕ್ಕೆ ಹೋದರೆ ಗೊಂಬೆಗಳ ಊರು ಚನ್ನಪಟ್ಟಣ. ಸಂಗ್ರಹಾಲಯ ಇಲ್ಲಿ, ಕಾರ್ಖಾನೆ ಅಲ್ಲಿ. ಈ ಎರಡರ ನಡುವಿನ ಸಣ್ಣ ದೂರವೇ ನನ್ನ ವಿಷಯ.

ಜಾನಪದ ಲೋಕ ಎಚ್.ಎಲ್. ನಾಗೇಗೌಡರ ಕನಸು. ನಾಗಮಂಗಲದ ಕಡೆಯ ಹಳ್ಳಿಯಿಂದ ಬಂದು, ಐಎಎಸ್ ಅಧಿಕಾರಿಯಾಗಿ ಕೆಲಸ ಮಾಡಿ, ಊರೂರು ಸುತ್ತಿ ಹಾಡು, ಕಥೆ, ವಸ್ತುಗಳನ್ನು ಕೂಡಿಹಾಕಿದ ಮನುಷ್ಯ ಅವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. 1994ರಲ್ಲಿ ಹದಿನೈದು ಎಕರೆ ಜಾಗದಲ್ಲಿ ಜಾನಪದ ಲೋಕ ತೆರೆಯಿತು. ಅಷ್ಟರಲ್ಲಿ ಹಳ್ಳಿಯ ಮನೆಗಳಲ್ಲಿ ತಾಮ್ರದ ಹಂಡೆ ಗುಜರಿಗೆ ಹೋಗುತ್ತಿತ್ತು, ಒರಳು ಹಿತ್ತಿಲು ಸೇರುತ್ತಿತ್ತು, ಕೆತ್ತನೆಯ ಬಾಗಿಲು ಹಳೆಯ ಸಾಮಾನಿನ ವ್ಯಾಪಾರಿಯ ಪಾಲಾಗುತ್ತಿತ್ತು. ಆ ಹೊತ್ತಿನಲ್ಲಿ ಒಬ್ಬರು ಅವನ್ನೆಲ್ಲ ಎತ್ತಿಟ್ಟರು ಎಂಬುದು ಸಣ್ಣ ಸಂಗತಿಯಲ್ಲ. ಮೈಸೂರಿನಲ್ಲಿ ಇದೇ ಕೆಲಸ ಇನ್ನೂ ಮೊದಲೇ, 1968ರಲ್ಲಿ, ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ರೂಪದಲ್ಲಿ ಶುರುವಾಗಿತ್ತು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದ ಆ ಸಂಗ್ರಹದ ಹಿಂದೆ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರ ಕಾಲು ಸವೆದಿದೆ. ನಾನು ಮುಂದೆ ಎತ್ತುವ ಪ್ರಶ್ನೆಗಳೆಲ್ಲ ಇವರು ಕೂಡಿಟ್ಟದ್ದರಿಂದಲೇ ಸಾಧ್ಯವಾದವು.

ಜಾನಪದ ಲೋಕದ ಅಧ್ಯಾಯಗಳ ಹೆಸರುಗಳನ್ನು ನೋಡಿ: ಲೋಕಮಾತಾ ಮಂದಿರ, ಚಿತ್ರಕುಟೀರ, ಲೋಕಮಹಲ್, ಶಿಲ್ಪಮಾಳ, ಆಯಗಾರಮಾಳ. ಅಡುಗೆಮನೆಯ, ಮನೆವಾರ್ತೆಯ ವಸ್ತುಗಳಿಗೆ ತಾಯಿಯ ಹೆಸರು. ವೇಷ, ಮುಖವಾಡ, ತೊಗಲುಗೊಂಬೆ, ಸೂತ್ರದಗೊಂಬೆಗಳಿಗೆ ಮಹಲಿನ ಹೆಸರು. ಕುಂಬಾರ, ಕಮ್ಮಾರ, ಬಡಗಿಗಳ ಸಲಕರಣೆಗಳಿಗೆ ಆಯಗಾರರ ಹೆಸರು. ಇದರ ಹಿಂದೆ ಒಂದು ಸ್ಪಷ್ಟವಾದ ಕಲ್ಪನೆಯಿದೆ. ಜನಪದ ಅಂದರೆ ಹಳ್ಳಿ. ಹಳ್ಳಿ ಅಂದರೆ ಬೇಸಾಯ ಮತ್ತು ಅದರ ಸುತ್ತ ಹೊಂದಿಕೊಂಡ ಕಸುಬುಗಳು. ಆಯಗಾರಮಾಳ ಎಂಬ ಹೆಸರು ನನಗೆ ತುಂಬ ಇಷ್ಟ. ಏಕೆಂದರೆ ಉಳಿದ ಹೆಸರುಗಳು ಗೌರವವನ್ನು ಸೂಚಿಸಿದರೆ ಇದೊಂದು ಹೆಸರು ಸಂಬಂಧವನ್ನು ಸೂಚಿಸುತ್ತದೆ. ಆಯ ಅಂದರೆ ಪಾಲು. ಸುಗ್ಗಿಯಲ್ಲಿ ಕಣದಿಂದಲೇ ಬಡಗಿಗಿಷ್ಟು, ಕುಂಬಾರನಿಗಿಷ್ಟು, ಅಗಸನಿಗಿಷ್ಟು ಎಂದು ಅಳೆದು ಕೊಡುತ್ತಿದ್ದ ಧಾನ್ಯ. ಈ ವ್ಯವಸ್ಥೆಯಲ್ಲಿ ಜಾತಿಯ ಬಿಗಿತವೂ ಇತ್ತು, ಅಳತೆಯಲ್ಲಿ ಅನ್ಯಾಯವೂ ಇತ್ತು. ಆದರೂ ಒಂದು ವಸ್ತುವನ್ನು ಮಾಡಿದವನು ಯಾರು, ಅವನಿಗೆ ಏನು ಸಿಕ್ಕಿತು ಎಂಬುದು ಆ ಒಂದು ಪದದಲ್ಲಿ ಅಡಗಿದೆ.

ಈಗ ಮರದ ಆಟಿಕೆಯನ್ನು ಈ ಅಧ್ಯಾಯಗಳಲ್ಲಿ ಎಲ್ಲಿ ಇಡಬೇಕು? ನನಗೆ ಎರಡು ವಂಶಾವಳಿಗಳು ಕಾಣುತ್ತವೆ. ಒಂದು, ಹಳ್ಳಿಯ ಬಡಗಿಯದು. ನೇಗಿಲು, ಕುಂಟೆ, ಗಾಡಿಯ ಗಾಲಿ ಮಾಡಿ ಉಳಿದ ತುಂಡಿನಲ್ಲಿ ಆತ ಕೆತ್ತಿಕೊಟ್ಟ ಬುಗುರಿ, ಮಗು ನಿಂತು ತಳ್ಳಿಕೊಂಡು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ, ಅಳಗುಳಿಮಣೆ. ಇವಕ್ಕೆ ಬೆಲೆಯಿರಲಿಲ್ಲ, ಆಯದೊಳಗೇ ಸೇರಿಹೋದ ಸಣ್ಣ ಉಪಕಾರಗಳು ಅವು. ಈ ಆಟಿಕೆ ಆಯಗಾರಮಾಳದಲ್ಲಿ ಸಲೀಸಾಗಿ ಕೂರುತ್ತದೆ. ಇನ್ನೊಂದು, ಪೇಟೆಯ ಗೊಂಬೆ. ಇದನ್ನು ಮಾಡಿದವನಿಗೆ ಆಯವಿಲ್ಲ, ಕೂಲಿ ಇದೆ. ಕೊಂಡವನು ಅವನಿಗೆ ಗುರುತಿನವನಲ್ಲ. ಚನ್ನಪಟ್ಟಣದ ಗೊಂಬೆ ಈ ಎರಡನೆಯ ವಂಶದ್ದು.

ಚನ್ನಪಟ್ಟಣದ ಕಸುಬಿನ ಚರಿತ್ರೆಯನ್ನು ಹೇಳುವವರು ಎರಡು ಹೆಸರುಗಳಿಂದ ಶುರುಮಾಡುತ್ತಾರೆ. ಅರಗಿನ ಕೆಲಸ ಬಲ್ಲ ಪರ್ಷಿಯದ ಕುಶಲಕರ್ಮಿಗಳನ್ನು ಟಿಪ್ಪು ಸುಲ್ತಾನ್ ಕರೆಸಿದ್ದನೆಂಬುದು ಒಂದು ಹೇಳಿಕೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಅರಗು ಕೆಲಸದ ತಂತ್ರವನ್ನು ಕಲಿತು ಇಲ್ಲಿಯ ಕೆಲಸಗಾರರಿಗೆ ಕಲಿಸಿದರೆಂಬುದು ಇನ್ನೊಂದು. ಮೊದಲ ಹೇಳಿಕೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಐತಿಹ್ಯ ಎಂಬುದು ಬೇರೆ ಮಾತು. ನನಗೆ ಮುಖ್ಯವೆನಿಸುವುದು ಊರು ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಥೆಯ ಸ್ವರೂಪ. 'ಇದು ಅನಾದಿ ಕಾಲದಿಂದ ನಮ್ಮ ಮಣ್ಣಿನಲ್ಲಿ ತಾನಾಗಿ ಬೆಳೆದದ್ದು' ಎಂದು ಈ ಊರು ಹೇಳಿಕೊಳ್ಳುವುದಿಲ್ಲ. ಪರ್ಷಿಯದಿಂದ ಬಂತು, ಜಪಾನಿನಿಂದ ಬಂತು, ನಾವು ಕಲಿತೆವು ಎನ್ನುತ್ತದೆ. ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳ ಪಾಲು ದೊಡ್ಡದು. ಬಣ್ಣ, ಪಾಲಿಶ್, ಜೋಡಣೆಯ ಕೆಲಸಗಳಲ್ಲಿ ಹೆಂಗಸರ ಕೈ ದೊಡ್ಡದು. ಹೊರಗಿನಿಂದ ಬಂದ ತಂತ್ರ, ಪೇಟೆಯ ಕಾರ್ಖಾನೆ, ತುಂಡಿನ ಲೆಕ್ಕದ ಕೂಲಿ, ಹಲವು ಧರ್ಮಗಳ ಕೈ—ನಾವು 'ಜನಪದ' ಎಂದಾಗ ಕಣ್ಣಿಗೆ ಕಟ್ಟುವ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಆದರೂ ಕರ್ನಾಟಕದ ಜನಪದ ಕಲೆ ಎಂದೊಡನೆ ಮುಖಪುಟದಲ್ಲಿ ಬರುವುದು ಚನ್ನಪಟ್ಟಣದ ಗೊಂಬೆಯೇ. ಗೊಂಬೆ ಚಿತ್ರದಲ್ಲಿ ಇರುತ್ತದೆ, ಅದನ್ನು ಮಾಡಿದ ಪೇಟೆ ಇರುವುದಿಲ್ಲ.

ಇದನ್ನು ನಾನು ಸುಮ್ಮನೆ ತಕರಾರಿಗಾಗಿ ಹೇಳುತ್ತಿಲ್ಲ. ಗೊಂಬೆಯ ರೂಪವನ್ನೇ ಓದಲು ಈ ಅರಿವು ಬೇಕು. ಚನ್ನಪಟ್ಟಣದ ಸಾಂಪ್ರದಾಯಿಕ ಗೊಂಬೆಗೆ ಹಾಲೆ ಮರ ಬೇಕು. ಅಲ್ಲಿ ಅದನ್ನು ಆಲೆ ಮರ ಎಂದೂ ಕರೆಯುತ್ತಾರೆ. ಬೆಳ್ಳಗಿನ, ಮೃದುವಾದ, ಸಣ್ಣ ಎಳೆಯ ಮರ. ಅದನ್ನು ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ಬಣ್ಣ ಹಾಕಲು ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಮೇಲೆ ಕೇದಗೆಯ ಒಣಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಅರಿಶಿನದ ಹಳದಿ, ನೀಲಿಗಿಡದ ನೀಲಿ ಎಲ್ಲವೂ ಹೀಗೆ ಮರದ ಮೈಯೊಳಗೆ ಇಳಿದಂತೆ ಕೂರುತ್ತವೆ. ಬಾಯಿಗೆ ಹಾಕಿಕೊಳ್ಳುವ ಮಗುವಿನ ಕೈಗೆ ಇದನ್ನು ಧೈರ್ಯವಾಗಿ ಕೊಡುತ್ತಿದ್ದುದು ಇದಕ್ಕಾಗಿಯೇ.

ಲೇತು ತಿರುಗುವ ಯಂತ್ರ. ಅದು ಮಾಡಬಲ್ಲದ್ದು ಉರುಟಾದ ಆಕಾರಗಳನ್ನು: ಗೋಲ, ಕೊಳವೆ, ಗೋಪುರ, ಬಳೆ. ಅದಕ್ಕೆ ಮೂಗು ಮಾಡಲು ಬಾರದು, ಬೆರಳು ಮಾಡಲು ಬಾರದು. ಹಾಗಾಗಿ ಚನ್ನಪಟ್ಟಣದ ರಾಜನೆಂದರೆ ಒಂದು ಗೋಪುರದ ಮೇಲೆ ಒಂದು ಗೋಲ, ಗೋಲದ ಮೇಲೊಂದು ಟೋಪಿ. ಮುಖವೆಂದರೆ ಎರಡು ಚುಕ್ಕಿ, ಒಂದು ಗೆರೆ. ಇದನ್ನು ಬಡತನದ ರೂಪವೆಂದು ತಿಳಿಯಬೇಕಾಗಿಲ್ಲ. ಈ ಗೊಂಬೆ ನಗುತ್ತಿದೆಯೋ ಸಿಟ್ಟಾಗಿದೆಯೋ ಎಂಬುದನ್ನು ಆಟ ಆಡುವ ಮಗುವೇ ನಿರ್ಧರಿಸುತ್ತದೆ. ಇವತ್ತು ರಾಜನಾದದ್ದು ನಾಳೆ ಕಳ್ಳನಾಗಬಹುದು, ನಾಡಿದ್ದು ಮನೆಗೆ ಬಂದ ಮಾವನಾಗಬಹುದು. ಯಂತ್ರದ ಮಿತಿ ಮಗುವಿನ ಕಲ್ಪನೆಗೆ ಜಾಗವಾಯಿತು. ಗಾಜಿನ ಹಿಂದೆ ಇಟ್ಟಾಗ ಈ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ನೋಡುವವರಿಗೆ ಅಲ್ಲಿ ಕಾಣುವುದು 'ಸರಳ ವಿನ್ಯಾಸ', ಅಷ್ಟೆ.

ಇದರ ಪಕ್ಕದಲ್ಲಿ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯನ್ನು ಇಟ್ಟು ನೋಡಿದರೆ ಭೇದ ತಿಳಿಯುತ್ತದೆ. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅಂಟಿನ ಜತೆ ಕಲಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚುತ್ತಾರೆ. ಒಡವೆಯ ಉಬ್ಬುಗಳನ್ನು ಹರಳುಕಲ್ಲಿನ ಪುಡಿಯ ಲೇಪದಿಂದ ಎಬ್ಬಿಸಿ, ಆಮೇಲೆ ಬಣ್ಣ ಬರೆಯುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದಲ್ಲಿ ಚಿತ್ರ ಬರೆದವರ ವಂಶದವರು ತಾವೆಂಬ ನಂಬಿಕೆ ಅವರಲ್ಲಿದೆ. ಗುಡಿಯ ಗರುಡನನ್ನು, ಗೌರಿಯನ್ನು ಮಾಡುವ ಕೈಯೇ ಮಕ್ಕಳ ಆನೆಯನ್ನೂ ಮರದ ಹಣ್ಣು ತರಕಾರಿಯನ್ನೂ ಮಾಡುತ್ತದೆ. ಇಲ್ಲಿ ಗೊಂಬೆಗೆ ಪೂರ್ತಿ ಮುಖವಿದೆ, ಪೂರ್ತಿ ಉಡುಗೆಯಿದೆ. ಅದು ಯಾರೆಂಬುದು ನೋಡಿದೊಡನೆ ಗೊತ್ತಾಗುತ್ತದೆ. ಮಗು ಅದನ್ನು ಬೇರೆ ಯಾರನ್ನಾಗಿಯೂ ಮಾಡಲಾರದು. ಅದರೆದುರು ಕೂತು ಕೈಮುಗಿಯಬಹುದು, ಕಥೆ ಕೇಳಬಹುದು.

ಕನ್ನಡದಲ್ಲಿ ಇದಕ್ಕೆ ಒಂದು ಭಾಷೆಯ ಆಧಾರವೂ ಇದೆ. 'ಗೊಂಬೆ' ಎಂಬ ನಮ್ಮ ಪದ ಬಹಳ ಅಗಲವಾದದ್ದು. ತೊಗಲುಗೊಂಬೆ, ಸೂತ್ರದಗೊಂಬೆ, ದಸರಾ ಗೊಂಬೆ, ಹೊಲದಲ್ಲಿ ನಿಲ್ಲಿಸುವ ಬೆದರುಗೊಂಬೆ, ಮಗುವಿನ ಮರದ ಗೊಂಬೆ ಎಲ್ಲವೂ ಅದರೊಳಗೆ ಬರುತ್ತವೆ. 'ಆಟಿಕೆ' ಎಂಬ ಪದ ಹಾಗಲ್ಲ. ಅದರ ಬುಡದಲ್ಲಿ 'ಆಟ' ಇದೆ. ಆಡಿದರೆ ಮಾತ್ರ ಅದು ಆಟಿಕೆ. ಆಟ ಎಂದರೆ ಬರೀ ಮಕ್ಕಳದೂ ಅಲ್ಲ. ಕರಾವಳಿಯಲ್ಲಿ ಯಕ್ಷಗಾನ ನೋಡಲು ಹೋಗುವವರು 'ಆಟಕ್ಕೆ ಹೋಗುತ್ತೇನೆ' ಎನ್ನುತ್ತಾರೆ. ಬಯಲುಸೀಮೆಯಲ್ಲಿ ಬಯಲಾಟ, ದೊಡ್ಡಾಟ, ಸಣ್ಣಾಟ. ಆಟವೆಂದರೆ ವಸ್ತುವಿಗೂ ದೇಹಕ್ಕೂ ಕ್ರಿಯೆಯಲ್ಲಿ ಜೀವ ಬರುವುದು. ಗೊಂಬೆ ನಾಮಪದ, ಆಟಿಕೆಯೊಳಗೆ ಕ್ರಿಯಾಪದ ಬಚ್ಚಿಟ್ಟುಕೊಂಡಿದೆ. ನಮ್ಮ ಜನಪದ ಸಂಗ್ರಹಾಲಯಗಳ ಫಲಕಗಳು ಸಾಮಾನ್ಯವಾಗಿ ನಾಮಪದಗಳಲ್ಲೇ ಮಾತಾಡುತ್ತವೆ. ವಸ್ತುವಿನ ಹೆಸರು, ಸಿಕ್ಕಿದ ಊರು ಅಥವಾ ಜಿಲ್ಲೆ. ಯಾರು ಕಡೆದರು, ಯಾರು ಆಡಿದರು, ಹೇಗೆ ಆಡಿದರು, ಏನೆಂದು ಹಾಡಿಕೊಂಡು ಆಡಿದರು ಎಂಬುದಕ್ಕೆ ಆ ಸಣ್ಣ ಹಲಗೆಯಲ್ಲಿ ಜಾಗವಿರುವುದಿಲ್ಲ.

ಗೊಂಬೆಯನ್ನು ನೋಡಲಿಕ್ಕೆಂದೇ ಇಡುವುದು ಸಂಗ್ರಹಾಲಯದವರು ಕಂಡುಹಿಡಿದ ಸಂಗತಿಯೇನಲ್ಲ. ಹಳೆ ಮೈಸೂರಿನ ಮನೆಗಳಲ್ಲಿ ದಸರೆಯ ಒಂಬತ್ತು ದಿನ ಬೊಂಬೆ ಕೂರಿಸುವುದಿದೆ. ಮೆಟ್ಟಿಲುಮೆಟ್ಟಿಲಾಗಿ ಹಲಗೆ ಜೋಡಿಸಿ, ಬಿಳಿ ಬಟ್ಟೆ ಹಾಸಿ, ಎಲ್ಲಕ್ಕಿಂತ ಮೇಲೆ ರಕ್ತಚಂದನದ ಪಟ್ಟದ ಗೊಂಬೆಗಳನ್ನು ಇಡುತ್ತಾರೆ. ರಾಜ ರಾಣಿಯರ ಆ ಜೋಡಿ ಹೆಣ್ಣಿಗೆ ಮದುವೆಯಲ್ಲಿ ತವರಿನಿಂದ ಬರುತ್ತದೆ. ಮುಟ್ಟಬೇಡ ಎಂಬ ಗದರಿಕೆ ಅಲ್ಲಿಯೂ ಉಂಟು. ಆದರೂ ಆ ಮನೆಯ ಬೊಂಬೆ ಮತ್ತು ಗಾಜಿನ ಹಿಂದಿನ ಗೊಂಬೆ ನನಗೆ ಒಂದೇ ಎನಿಸುವುದಿಲ್ಲ. ಮನೆಯಲ್ಲಿ ಪ್ರತಿ ಗೊಂಬೆಗೂ ಒಂದು ಮಾತು ಅಂಟಿಕೊಂಡಿರುತ್ತದೆ. ಇದು ಅಜ್ಜಿಯ ಮದುವೆಯದು, ಇದು ಚನ್ನಪಟ್ಟಣದಲ್ಲಿ ರೈಲು ನಿಂತಾಗ ಕೊಂಡದ್ದು, ಇದರ ಕೈ ಮುರಿದದ್ದು ನಿಮ್ಮಪ್ಪ ಸಣ್ಣವನಿದ್ದಾಗ. ಸಂಜೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ, ಆರತಿಯಾಗುತ್ತದೆ, ಹಾಡು ಹೇಳಿಸುತ್ತಾರೆ, ಬೊಂಬೆ ಬಾಗಿನವೆಂದು ತಿಂಡಿ ಕೊಡುತ್ತಾರೆ. ಹತ್ತನೆಯ ದಿನ ಮುಗಿದರೆ ಗೊಂಬೆಗಳು ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತವೆ. ಇದು ವರ್ಷಕ್ಕೊಮ್ಮೆ ತೆರೆಯುವ ವಸ್ತುಸಂಗ್ರಹಾಲಯ. ಅದರ ಫಲಕಗಳನ್ನು ಮನೆಯ ಹೆಂಗಸರು ಬಾಯಲ್ಲೇ ಓದುತ್ತಾರೆ. ಮುರಿದ ಕೈಯೂ ಅಲ್ಲಿ ಒಂದು ಮಾಹಿತಿ.

ಮುರಿಯುವುದರ ಬಗ್ಗೆ ನಮ್ಮ ಸಾಹಿತ್ಯಕ್ಕೂ ಗೊತ್ತು. ಕನ್ನಡದ ಮಕ್ಕಳ ಕವಿತೆಗಳಲ್ಲಿ ಎಲ್ಲರಿಗೂ ನೆನಪಿರುವ ಆಟಿಕೆ ಯಾವುದೆಂದು ಕೇಳಿದರೆ ಹೆಚ್ಚಿನವರು ಜಿ.ಪಿ. ರಾಜರತ್ನಂ ಅವರ ಕಸ್ತೂರಿಯ ತುತ್ತೂರಿ ಎನ್ನುತ್ತಾರೆ. ಅದು ಮರದ್ದಲ್ಲ, ತಗಡಿನದು. ಹುಡುಗ ಅದನ್ನು ಕೊಂಡು, ಊದಿ, ಜಂಬ ಪಟ್ಟು ಕೊಳದ ಬಳಿ ನಡೆಯುವಾಗ ತುತ್ತೂರಿ ನೀರಿಗೆ ಜಾರಿ ಬೀಳುತ್ತದೆ. ತುತ್ತೂರಿಯ ಬಣ್ಣ ಹೋಗುತ್ತದೆ, ದನಿ ಕೆಡುತ್ತದೆ. ಆ ತುತ್ತೂರಿ ಕಪಾಟಿನಲ್ಲಿ ಭದ್ರವಾಗಿ ಕೂತಿದ್ದರೆ ಪದ್ಯವೇ ಇರುತ್ತಿರಲಿಲ್ಲ. ಕೆಟ್ಟುಹೋದದ್ದರಿಂದಲೇ ಅದು ನಮ್ಮ ನೆನಪಿನಲ್ಲಿ ಕೆಡದೆ ಉಳಿಯಿತು. ಆಟಿಕೆಯ ಜೀವನಚರಿತ್ರೆಯಲ್ಲಿ ಅದು ಹಾಳಾಗುವ ಅಧ್ಯಾಯವೇ ಮುಖ್ಯವೆಂದು ಕವಿಗೆ ಗೊತ್ತಿತ್ತು. ಸಂಗ್ರಹಕಾರ ಹರಿದುಹಾಕುವುದು ಅದೇ ಅಧ್ಯಾಯವನ್ನು.

ಇನ್ನು ಹೆಸರಿನ ಪ್ರಶ್ನೆ. ಜನಪದ ಸಾಹಿತ್ಯದ ಅಧ್ಯಯನ ನಮ್ಮಲ್ಲಿ ಶುರುವಾದಾಗ ಹಾಡಿದವರಿಗೂ ಹೆಸರಿರಲಿಲ್ಲ. ಹಾಡುಗಳು ಜನರದು, ಕವಿ ಅನಾಮಿಕ ಎಂಬ ನಂಬಿಕೆಯ ಮೇಲೆ ಎಷ್ಟೋ ಸಂಗ್ರಹಗಳು ಹೊರಬಂದವು. ಬರಬರುತ್ತ ಅದು ಬದಲಾಯಿತು. ಇಂಥ ಊರಿನ ಇಂಥವರು ಹಾಡಿದ ಪಾಠ ಎಂದು ಮಹಾಕಾವ್ಯಗಳ ಸಂಪುಟಗಳಲ್ಲಿ ಅಚ್ಚಾಗತೊಡಗಿತು. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡು ಅವರನ್ನು ಹೆಸರು ಹಿಡಿದು ಕರೆಯಿತು. ಹಾಡಿದವರಿಗೆ, ಆಡಿಸಿದವರಿಗೆ ಹೆಸರು ಬಂತು. ಕಡೆದವರಿಗೆ, ಕೆತ್ತಿದವರಿಗೆ ಇನ್ನೂ ಅಷ್ಟಾಗಿ ಬಂದಿಲ್ಲ. ಪ್ರಶಸ್ತಿ ಪಡೆದ ಗೊಂಬೆ ಕೆಲಸಗಾರರು ಇದ್ದಾರೆ, ನಿಜ. ಆದರೆ ಗೊಂಬೆ ಕೈಗೆ ಬಂದಾಗ ಅದರ ತಳ ತಿರುಗಿಸಿ ನೋಡಿದರೆ ಕರ್ತೃವಿನ ಗುರುತು ಸಿಗುವುದು ಅಪರೂಪ. ನಮಗೆ ಗೊತ್ತಿರುವುದು ಊರಿನ ಹೆಸರು.

ಕಾನೂನೂ ಊರಿನ ಹೆಸರನ್ನೇ ಕಾಯುತ್ತದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಮೇಲೆ ಮೊದಮೊದಲು ಮಾನ್ಯತೆ ಪಡೆದವುಗಳಲ್ಲಿ ಚನ್ನಪಟ್ಟಣದ ಗೊಂಬೆಯೂ ಒಂದು. ಕಿನ್ನಾಳಕ್ಕೆ 2012ರಲ್ಲಿ ಸಿಕ್ಕಿತು. ಬೇರೆ ಕಡೆಯ ಮಾಲಿಗೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರುವುದನ್ನು ತಡೆಯಲು ಇದು ಬೇಕೇ ಬೇಕು. ಆದರೆ ಇಲ್ಲಿ ಕರ್ತೃ ಒಂದು ಭೂಪಟದ ತುಂಡು. ಸಂಗ್ರಹಾಲಯದ ಫಲಕ, ಸರ್ಕಾರದ ಮುದ್ರೆ, ಅಂಗಡಿಯ ಬೋರ್ಡು ಮೂರೂ ಒಂದೇ ಮಾತು ಹೇಳುತ್ತವೆ: ಇದನ್ನು ಒಂದು ಊರು ಮಾಡಿತು. ಊರಿಗೆ ಕೂಲಿ ಕೊಡಬೇಕಾಗಿಲ್ಲ, ಊರಿಗೆ ಕಣ್ಣು ಮಂಜಾಗುವುದಿಲ್ಲ, ಮರದ ಧೂಳು ಊರಿನ ಎದೆಗೆ ಹೋಗುವುದಿಲ್ಲ. ಕೈಗಳನ್ನು ಮರೆತು ಊರನ್ನು ನೆನೆಯುವುದು ನಮಗೆ ಅನುಕೂಲವಾದ ಭಕ್ತಿ.

ಈ ಮಾತಿಗೆ ಈಗ ತುರ್ತೂ ಇದೆ. ಜಾನಪದ ಲೋಕವನ್ನೂ ಚನ್ನಪಟ್ಟಣದ ಗೊಂಬೆ ಅಂಗಡಿಗಳನ್ನೂ ಸಾಕಿದ್ದು ಒಂದೇ ರಸ್ತೆ. ಮೈಸೂರಿಗೆ ಹೋಗುವ ಕುಟುಂಬ ನಡುವೆ ತಿಂಡಿಗೆ ನಿಲ್ಲುತ್ತಿತ್ತು; ಒಂದು ಗಂಟೆ ಜಾನಪದ ಲೋಕ, ಅರ್ಧ ಗಂಟೆ ಗೊಂಬೆ ಅಂಗಡಿ. ಮಗು ಹಟ ಮಾಡಿದರೆ ಒಂದು ಬುಗುರಿ, ಒಂದು ಗಿಲಕಿ. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಬದಿಗೆ ಬಿಟ್ಟು ಬೈಪಾಸ್ ಹೋಯಿತು. ಪ್ರಯಾಣದ ಹೊತ್ತು ಉಳಿಯಿತು. ಅಂಗಡಿಯವರು ವ್ಯಾಪಾರ ಕುಸಿದ ಬಗ್ಗೆ ಹೇಳಿಕೊಂಡದ್ದು ಪತ್ರಿಕೆಗಳಲ್ಲೂ ಬಂತು. ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯನ್ನು ಹೇಗೋ ತಾಳಿಕೊಂಡಿದ್ದ ಕಸುಬಿಗೆ ಇದು ಬೇರೆ ಬಗೆಯ ಪೆಟ್ಟು. ಗಿರಾಕಿ ಈಗ ಉದ್ದೇಶಪಟ್ಟು ರಸ್ತೆ ಇಳಿದು ಬರಬೇಕು. ಹಾಗೆ ಇಳಿದು ಬರಲು ಅವನಿಗೊಂದು ಕಾರಣ ಬೇಕು. ಸುಮ್ಮನೆ ಒಂದು ವಸ್ತು ಸಾಲದು. ವಸ್ತು ಈಗ ಮೊಬೈಲಿನಲ್ಲೂ ಸಿಗುತ್ತದೆ.

ಸಂಗ್ರಹಾಲಯ ಮತ್ತು ಕಾರ್ಖಾನೆ ಒಂದನ್ನೊಂದು ಓದಬೇಕಾದದ್ದು ಇಲ್ಲಿಯೇ. ಇದಕ್ಕೆ ಬೇಕಾದ ತಿಳಿವಳಿಕೆ ಜಾನಪದ ಲೋಕದಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ. ಡೊಳ್ಳನ್ನು ಗೋಡೆಗೆ ತೂಗುಹಾಕಿದರೆ ಸಾಲದು, ಬಾರಿಸಬೇಕು ಎಂದು ನಾಗೇಗೌಡರಿಗೆ ಗೊತ್ತಿತ್ತು. ಅಲ್ಲಿ ಬಯಲು ರಂಗಮಂದಿರವಿದೆ, ಕಲಾವಿದರು ಬಂದು ಕುಣಿಯುವ ಉತ್ಸವಗಳು ನಡೆದಿವೆ, ಕಲಾಪ್ರಕಾರಗಳ ಧ್ವನಿ, ಚಿತ್ರಗಳ ದಾಖಲೆ ಮಾಡುವ ಕೆಲಸ ನಡೆದಿದೆ. ವಾದ್ಯಕ್ಕೆ, ವೇಷಕ್ಕೆ, ತೊಗಲುಗೊಂಬೆಗೆ ಕ್ರಿಯಾಪದ ಬೇಕೆಂದು ಒಪ್ಪಿಕೊಂಡಾಗಿದೆ. ಆ ಒಪ್ಪಿಗೆಯನ್ನು ಬುಗುರಿಗೂ ವಿಸ್ತರಿಸಬೇಕು, ಅಷ್ಟೆ. ನಮ್ಮ ಎಲ್ಲ ಜನಪದ ಸಂಗ್ರಹಾಲಯಗಳಿಗೂ ಈ ಮಾತು ಸಲ್ಲುತ್ತದೆ.

ವಿಮರ್ಶೆ ಬರೆಯುವವನು ಸಲಹೆ ಕೊಡಬಾರದೆಂಬ ನಿಯಮವೇನೂ ಇಲ್ಲ. ನನಗೆ ತೋಚುವುದು ಮೂರು. ಒಂದು, ಹಳೆಯ ಅಪರೂಪದ ಗೊಂಬೆ ಗಾಜಿನ ಹಿಂದೆಯೇ ಇರಲಿ. ಅದರ ಪಕ್ಕದಲ್ಲೇ ಅಂಥದ್ದೇ ಹೊಸದೊಂದು ನೆಲದ ಮೇಲೆ ಇರಲಿ, ಮಕ್ಕಳು ಆಡಲಿ, ಮುರಿದರೆ ಇನ್ನೊಂದು ಬರಲಿ. ಮುರಿದಷ್ಟೂ ಚನ್ನಪಟ್ಟಣಕ್ಕೆ ಕೆಲಸ. ಎರಡು, ಮುರಿದ ಆಟಿಕೆಗಳಿಗೇ ಒಂದು ಕಪಾಟು ಇರಲಿ. ಕಿವಿ ಹೋದ ಕುದುರೆ, ಮೊಳೆ ಹೊಡೆದು ಕೂಡಿಸಿದ ಗಾಲಿ, ಹಲ್ಲಿನ ಗುರುತು ಬಿದ್ದ ಗಿಲಕಿ. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಯ ಮಗುವಿಗೆ ಹೋದ ಆಟಿಕೆಯ ಮೈಮೇಲೆ ಇರುವಷ್ಟು ಚರಿತ್ರೆ ಹೊಳೆಯುವ ಗೊಂಬೆಯ ಮೇಲೆ ಇರಲಾರದು. ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಮುಖ್ಯ. ಹಳೆಯ ಗೊಂಬೆ ಕಡೆದವರ ಹೆಸರು ಇನ್ನು ಸಿಗದಿರಬಹುದು. ಇವತ್ತು ಕಡೆಯುತ್ತಿರುವವರು ನಮ್ಮ ಕಣ್ಣೆದುರಿಗೇ ಇದ್ದಾರೆ. ಇಂದು ಸಂಗ್ರಹಕ್ಕೆ ಸೇರುವ ಪ್ರತಿ ಗೊಂಬೆಯ ಜತೆ ಅವರು ಒಪ್ಪಿದರೆ ಅವರ ಹೆಸರು, ಕಲಿಸಿದವರ ಹೆಸರು, ಅದನ್ನು ಮಾಡಲು ಹಿಡಿದ ಹೊತ್ತು, ಆಗ ಸಿಕ್ಕ ಕೂಲಿ ಇಷ್ಟನ್ನು ಬರೆದಿಡಬೇಕು. ನೂರು ವರ್ಷ ಕಳೆದ ಮೇಲೆ ಓದುವವರಿಗೆ ಬಣ್ಣಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಬೆಲೆಬಾಳುತ್ತವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಕೆಲಸವಿದೆ. ಹಾಡಿನ ಪಾಠಾಂತರ ಹುಡುಕುವುದನ್ನು ನಾವು ಕಲಿತಿದ್ದೇವೆ. ಒಂದೇ ಲಾವಣಿಯನ್ನು ಹತ್ತು ಊರಲ್ಲಿ ಹೇಗೆ ಹಾಡುತ್ತಾರೆಂದು ಬರೆದುಕೊಳ್ಳುತ್ತೇವೆ. ವಸ್ತುವಿಗೂ ಪಾಠಾಂತರವುಂಟು. ಅಳಗುಳಿಮಣೆ ಕರಾವಳಿಗೆ ಹೋದರೆ ಚೆನ್ನೆಮಣೆಯಾಗುತ್ತದೆ, ಆಟದ ಲೆಕ್ಕ ಬದಲಾಗುತ್ತದೆ, ಯಾವ ತಿಂಗಳಲ್ಲಿ ಆಡಬೇಕೆಂಬ ಕಟ್ಟಳೆ ಬದಲಾಗುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ಮೇಲೆ ಬರೆದ ಪುರಾಣದ ಚಿತ್ರಗಳನ್ನು ಜೋಗುಳದ ಜತೆಗಿಟ್ಟು ಓದಿದವರು ಎಷ್ಟು ಜನ? ಮರ, ಹಾಡು, ಆಟ, ಕೂಲಿ ಇವನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟದ್ದು ನಮ್ಮ ವಿಭಾಗಗಳು. ಜನರ ಬದುಕಿನಲ್ಲಿ ಅವು ಒಂದೇ ಜಗಲಿಯ ಮೇಲಿದ್ದವು.

ಆಯಗಾರಮಾಳ ಎಂಬ ಹೆಸರು ಇಟ್ಟವರಿಗೆ ಒಂದು ವಿಷಯ ತಿಳಿದಿತ್ತು: ವಸ್ತುವನ್ನು ಕಂಡರೆ ಸಾಲದು, ಅದಕ್ಕೆ ಯಾರ ಪಾಲು ಎಷ್ಟು ಎಂಬುದೂ ಕಾಣಬೇಕು. ಪೇಟೆಯ ಗೊಂಬೆ ಕಡೆದವರಿಗೆ ನಮ್ಮ ನೆನಪಿನ ಕಣದಲ್ಲಿ ಇನ್ನೂ ಆಯ ಅಳೆದಿಲ್ಲ. ಅವರ ಹೆಸರನ್ನು ಬರೆದಿಡುವುದು ಆ ಪಾಲಿನ ಮೊದಲ ಸೇರು.